ಮೊಟ್ಟೆ ಕಾಗದ

ರೋಗ ಸಂಶೋಧನಾಲಯದ ಸೊಳ್ಳೆ ಸಾಕುವ ವಿಭಾಗದಲ್ಲಿ ಇಬ್ಬರದೇ ಕೆಲಸ. ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಕಿರಿಯಳಿಗೆ ಜಿಪುಣಿ ಎಂದು ಹೆಸರು ಬಿದ್ದಿತ್ತು. ಮರಿಹುಳುಗಳಿಗೆ ಹಾಕುವ ಆಹಾರದ ಪುಡಿಯನ್ನೂ ಚಿಟಿಕೆ ಲೆಕ್ಕದಲ್ಲಿ ಹಾಕುವವಳು.

ಒಂದು ಕೋಣೆಯ ಪಂಜರಗಳಲ್ಲಿ ವೈರಸ್ ಬೆರೆಸಿದ ರಕ್ತ ಕುಡಿದ ಸೊಳ್ಳೆಗಳು, ಇನ್ನೊಂದರಲ್ಲಿ ರೋಗವಿಲ್ಲದ ಶುದ್ಧ ಸೊಳ್ಳೆಗಳು. ಶುದ್ಧವಾದವಕ್ಕೆ ಅಕ್ಕ ತನ್ನ ತೋಳನ್ನೇ ಕೊಟ್ಟು ಉಣಿಸುತ್ತಿದ್ದಳು. "ನನ್ನ ಮಕ್ಕಳೂ ಇಷ್ಟು ರಕ್ತ ಹೀರಲಿಲ್ಲ ಕಣೆ," ಎನ್ನುವಳು.

ಸೆಕೆಗಾಲದಲ್ಲಿ ಶುದ್ಧ ಸೊಳ್ಳೆಗಳ ಕೋಣೆಯ ಎ.ಸಿ. ಕೆಟ್ಟು ಅವೆಲ್ಲ ಸತ್ತವು. ಆಗ ಜಿಪುಣಿಯ ಕಣ್ಣು ವೈರಸ್ ಕೋಣೆಯಲ್ಲಿ ಸುಡಲು ತೆಗೆದಿಟ್ಟ ಕಾಗದದ ಪಟ್ಟಿಗಳ ಮೇಲೆ ಬಿತ್ತು. ತಾಯಿಸೊಳ್ಳೆಗಳು ಅವುಗಳ ಮೇಲೆ ಮೊಟ್ಟೆಯಿಟ್ಟಿದ್ದವು. ರೋಗ ಹತ್ತಿದ್ದು ರಕ್ತ ಕುಡಿದ ತಾಯಿಗೆ, ಇನ್ನೂ ಹುಟ್ಟದ ಮರಿಗೇನು? ಸುಮ್ಮನೆ ಯಾಕೆ ಹಾಳು ಎಂದು ಯಾರಿಗೂ ಹೇಳದೆ ಪಟ್ಟಿಗಳನ್ನು ನೀರಿಗೆ ಹಾಕಿದಳು. ಕೆಲವೇ ದಿನಗಳಲ್ಲಿ ಪಂಜರ ತುಂಬಿತು. ಜಿಪುಣಿ ಹಳೆಯ ಶುದ್ಧ ಮೊಟ್ಟೆಗಳನ್ನೇ ಜೋಪಾನ ಮಾಡಿಟ್ಟಿದ್ದಳೆಂದುಕೊಂಡು ಅಕ್ಕ ಬೆನ್ನು ತಟ್ಟಿದಳು.

ಒಂದು ಬೆಳಿಗ್ಗೆ ಜಿಪುಣಿ ಚಹಾ ಕುಡಿಯುತ್ತಿದ್ದಾಗ ವಿಭಾಗ ನೋಡಲು ಬಂದವರಿಗೆ ಅಲ್ಲಿನ ಡಾಕ್ಟರು ವಿವರಿಸುತ್ತಿದ್ದರು. "ವೈರಸ್ಸು ತಾಯಿಸೊಳ್ಳೆ ಹೊಟ್ಟೆಯಲ್ಲಿ ಬೆಳೆದು ಮೈಗೆಲ್ಲ ಹರಡುತ್ತೆ, ಅಂಡಾಶಯಕ್ಕೂ ಹೋಗುತ್ತೆ. ಎಲ್ಲಾ ಮೊಟ್ಟೆಗೂ ಅಲ್ಲ, ಕೆಲವಕ್ಕೆ. ಆ ಮರಿಗಳು ಯಾರನ್ನೂ ಕಚ್ಚೋ ಮೊದಲೇ ರೋಗ ಹೊತ್ಕೊಂಡಿರುತ್ವೆ."

ಜಿಪುಣಿಗೆ ತಾನು ತುಂಬಿಸಿದ ಪಂಜರ ನೆನಪಾಯಿತು. ಬಾಯಿಬಿಟ್ಟರೆ ಕೆಲಸ ಹೋದೀತು. ಆದರೆ ಅದು ಅಕ್ಕ ಹೊಸ ಸೊಳ್ಳೆಗಳಿಗೆ ಮೊದಲ ಸಲ ಉಣಿಸುವ ಹೊತ್ತು. ಲೋಟ ಇಟ್ಟು ಓಡಿದಳು.

ಅಕ್ಕನ ತೋಳು ಆಗಲೇ ಪಂಜರದೊಳಗಿತ್ತು.

"ಕೈ ತೆಗಿ ಅಕ್ಕ."

"ತಡಿಯೇ, ಈಗ ತಾನೇ ಊಟಕ್ಕೆ ಕೂತಿವೆ."

"ಅವು ಶುದ್ಧ ಅಲ್ಲ. ವೈರಸ್ ಕೋಣೆ ಮೊಟ್ಟೆ. ನಾನೇ ತಂದಿದ್ದು."

ಅಕ್ಕ ಮೆಲ್ಲಗೆ ತೋಳೆಳೆದುಕೊಂಡು, ಒಂದೂ ಹಾರದಂತೆ ಪಂಜರದ ಬಾಯಿ ಕಟ್ಟಿದಳು. ತೋಳಿನಲ್ಲಿ ನಾಲ್ಕಾರು ದದ್ದು ಎದ್ದಿದ್ದವು.

"ಡಾಕ್ಟರಿಗೆ ಹೇಳಿದ್ಯಾ?"

"ಇಲ್ಲ."

"ನಡಿ, ಹೇಳು. ನಾನು ಬೈಯೋದು ಆಮೇಲೆ ಇದ್ದೇ ಇದೆ."

ಸೊಳ್ಳೆಗಳು ಸಾಯಲೆಂದು ಡಾಕ್ಟರು ಇಡೀ ಪಂಜರವನ್ನೇ ಫ್ರೀಜರಿಗೆ ಹಾಕಿಸಿದರು. ಜಿಪುಣಿಯನ್ನು ಕೆಲಸದಿಂದ ತೆಗೆಯಲಿಲ್ಲ, ಪಾತ್ರೆ ತೊಳೆಯಲು ಹಾಕಿದರು. ಬೇರೆ ಸೊಳ್ಳೆ ಕಚ್ಚಿ ರೋಗ ಹರಡದಿರಲೆಂದು ಅಕ್ಕ ಕೆಲವು ದಿನ ಮನೆಯಲ್ಲಿ ಸೊಳ್ಳೆಪರದೆಯೊಳಗೆ ಉಳಿಯಬೇಕಾಯಿತು. ಜಿಪುಣಿ ಎರಡು ಹೊತ್ತೂ ಹೋಗಿ ಜ್ವರ ನೋಡಿದಳು. ಅಕ್ಕನ ಗಂಡ ಬಾಗಿಲು ತೆರೆದು ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಜ್ವರ ಬರಲಿಲ್ಲ. ರಕ್ತಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ.

ಅಕ್ಕ ಕೆಲಸಕ್ಕೆ ಮರಳಿದಾಗ ಹೊಸ ಪಂಜರ ತಯಾರಿತ್ತು. ರವಿಕೆಯ ತೋಳು ಮಡಚಿದವಳು ತಡೆದು, ಜಿಪುಣಿಯನ್ನು ಕೂಗಿದಳು.

"ಇವು ಯಾರ ಮನೆ ಮಕ್ಕಳೇ?"

"ಬೇರೆ ಲ್ಯಾಬಿಂದ ತರಿಸಿದ್ದು. ಡಾಕ್ಟರೇ ಪರೀಕ್ಷೆ ಮಾಡಿದಾರೆ."

"ನೀನು ಮುಟ್ಟಿಲ್ಲ ತಾನೆ?"

"ಇಲ್ಲ ಅಕ್ಕ."

"ಸರಿ, ಇಲ್ಲೇ ಕೂತಿರು," ಎಂದು ಅಕ್ಕ ತೋಳನ್ನು ಒಳಗಿಟ್ಟಳು.