ಚೌಡಪ್ಪನ ಹೆಜ್ಜೆ

ಚೌಡಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲದಲ್ಲಿ ನಡೆದರೆ ನೆಲಕ್ಕೆ ದಾರ ಹಿಡಿದಂತೆ ಇರುತ್ತಿತ್ತು. ಕೆಸರಿರಲಿ, ಹೆಂಟೆಯಿರಲಿ, ಹಾವೇ ಅಡ್ಡ ಬರಲಿ, ಹೆಜ್ಜೆ ಉದ್ದವೂ ಆಗದು, ಗಿಡ್ಡವೂ ಆಗದು. ಹಿಡಿಕೆ ಒತ್ತುವ ಎಡಗೈಯ ಲಯಕ್ಕೆ ಕಾಲು, ಕಾಲಿನ ಲಯಕ್ಕೆ ಬಲಗೈಯ ಕೋಲು. ಭತ್ತದ ನಡುವಿನ ಕಳೆಗೆ ಹೊಡೆಯುವ ಔಷಧಕ್ಕೆ ನಮ್ಮ ದಾಸನಕೊಪ್ಪದ ಕಡೆ ಕಸದ ಎಣ್ಣಿ ಎನ್ನುತ್ತಾರೆ. ಕೂರಿಗೆಯಲ್ಲಿ ಬಿತ್ತಿದ ಭತ್ತ ನಾಲ್ಕು ಗರಿ ಬಿಟ್ಟಿತೆಂದರೆ ಆ ಎಣ್ಣಿಗೆ ಅವನೇ ಬೇಕು.

ಎಣ್ಣಿಯ ಮುಚ್ಚಳ ತೆಗೆಯುವ ಮುಂಚೆ ಅವನದೊಂದು ವ್ರತವಿತ್ತು. ಪಂಪಿಗೆ ಬರೇ ನೀರು ತುಂಬಿ ಹೊಲದ ಒಂದು ಪಟ್ಟಿಯುದ್ದಕ್ಕೂ ನಡೆಯುವುದು, ಉಳಿದ ನೀರನ್ನು ಕೊಡಕ್ಕೆ ಸುರಿದು ಎಷ್ಟು ನೆಲಕ್ಕೆ ಎಷ್ಟು ಹೋಯಿತೆಂದು ಅಳೆಯುವುದು, ಆಮೇಲೆ ಔಷಧ ಬೆರೆಸುವುದು. ಅವಸರ ಮಾಡಿದವರಿಗೆ ಬೈಗುಳದ ಸುರಿಮಳೆ.

"ಅಳತಿ ಡಬ್ಬ್ಯಾಗ ಇಲ್ಲಲೇ, ಕಾಲಾಗ ಐತಿ! ತೆವಳಿಕೋತ ಹೊಡದ್ರ ಭತ್ತಾನೂ ಸಾಯ್ತೈತಿ. ಓಡಿಕೋತ ಹೊಡದ್ರ ಕಸ ನಿನ್ನ ನೋಡಿ ನಗ್ತೈತಿ."

ಪಂಪಿನ ಕೋಲಿನ ತುದಿಗೆ ಎಣ್ಣಿ ಚಿಮ್ಮಿಸುವ ಹಿತ್ತಾಳೆ ನಾಜಲನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಮದುವೆಯ ಊಟಕ್ಕೆ ಕುಳಿತಾಗಲೂ ಅದು ಅಂಗಿಯ ಜೇಬಿನಲ್ಲೇ. "ನಮ್ಮಣ್ಣ ಅತ್ತಿಗೆವ್ವನ್ನ ಮರತು ಬಂದಾನು, ನಾಜಲ್ ಮರಿಯಂಗಿಲ್ಲ" ಎಂದು ತಂಗಿ ಪಾರ್ವತವ್ವ ನಗುತ್ತಿದ್ದಳು. ಆಗ ಅವಳಿಗೆ ಅಣ್ಣನೆಂದರೆ ಹೆಮ್ಮೆ. ಗಂಡ ತೀರಿಕೊಂಡ ಮೇಲೆ ಅವಳಿಗೂ ಮಗಳು ಚೇತನಾಳಿಗೂ ವರ್ಷದ ಅನ್ನವೆಂದರೆ ಇದ್ದ ಒಂದೇ ಹೊಲದ ಭತ್ತ; ಅದಕ್ಕೆ ಎಣ್ಣಿ ಹೊಡೆಯುವವನು ಅಣ್ಣ.

ಹೊಗಳಿಕೆ ಮನುಷ್ಯನನ್ನು ಒಳಗೊಳಗೇ ತಿನ್ನುತ್ತದೆ. ಊರಿಗೆಲ್ಲ ನೀರಿನ ಪಾಠ ಹೇಳುತ್ತ ಹೇಳುತ್ತ ತಾನು ಮಾತ್ರ ಅದನ್ನು ಬಿಟ್ಟುಬಿಟ್ಟ. ತನ್ನ ಕಾಲಿಗಿಂತ ಬೇರೆ ಸಾಕ್ಷಿ ಏಕೆ? ಹೋದ ವರ್ಷ ಆ ಕಾಲಿನ ಮಂಡಿ ಊದಿಕೊಂಡಿತು. ಹೆಜ್ಜೆ ಗಿಡ್ಡವಾಯಿತು, ನಿಧಾನವಾಯಿತು. ಓಣಿಯ ಮಕ್ಕಳಿಗೂ ಕಂಡದ್ದು ಅವನೊಬ್ಬನಿಗೆ ಕಾಣಲಿಲ್ಲ.

"ಅಣ್ಣಾ, ಒಂದ್ಸಲ ಬರೇ ನೀರು ಹೊಡದು ನೋಡಬಾರದೇನ? ಕಾಲು ಮೊದಲಿನಂಗ ಇಲ್ಲಲ್ಲ," ಎಂದಳು ಪಾರ್ವತವ್ವ, ತನ್ನ ಹೊಲದ ಬದುವಿನ ಮೇಲೆ ನಿಂತು.

"ನೀರು ಹೊಡಿಯೂದು ಊರಿಗೆ ಕಲಿಸಿದಾವ ನಾನು. ನೀ ನನಗ ಕಲಸ್ತಿ? ಹೋಗು, ಚಾ ಇಡು."

ಅವಳು ಚಾ ತಂದಾಗ, ಪ್ರತಿ ವರ್ಷದಷ್ಟೇ ಬೆರೆಸಿದ ಎಣ್ಣಿಯೆಲ್ಲ ಖಾಲಿಯಾಗಿತ್ತು. ಆಚೆ ಬದುವಿನ ಬಳಿ ಅಗಲವಾದ ಪಟ್ಟಿಯೊಂದು ಒಣಗಿಯೇ ಉಳಿದಿತ್ತು. ಅವನು ಆ ಪಟ್ಟಿಯನ್ನು ನೋಡಿದ, ತಂಗಿಯನ್ನು ನೋಡಿದ.

"ಪಾರವ್ವ, ಬದು ಯಾವಾಗ ಸರಿಸಿದಿ?"

"ಏನಂದಿ?"

"ಹೊಲ ದೊಡ್ಡದಾಗೈತಿ. ನನ್ನ ಎಣ್ಣಿ ಎಂದೂ ಇಲ್ಲಿಗೆ ಮುಗದಿಲ್ಲ. ಬಷೀರನ ಹೊಲ ಒತ್ತೀದಿ ನೀ!"

ಕೂಗಾಟ ಕೇಳಿ ಪಕ್ಕದ ಹೊಲದ ಬಷೀರ್ ಸಾಬನೇ ಬಂದ. ಬಂದವನು ಗಡಿಕಲ್ಲನ್ನು ತೋರಿಸಿ ನಕ್ಕ. ಕಲ್ಲಿನ ಅರ್ಧಕ್ಕೆ ಹುತ್ತ ಬೆಳೆದು ಗಟ್ಟಿಯಾಗಿತ್ತು. "ಹುತ್ತ ಹೊತ್ತ ಕಲ್ಲು ಯಾರು ಸರಿಸ್ತಾರ ಚೌಡಣ್ಣಾ? ಹೊಲ ಬೆಳದಿಲ್ಲ, ನಿಮ್ಮ ಹೆಜ್ಜಿ ಗಿಡ್ಡಾಗೈತಿ."

"ಹುತ್ತ ಹೊಸಾದು," ಎಂದ ಚೌಡಪ್ಪ. ಮತ್ತೊಂದು ಪಂಪು ಎಣ್ಣಿ ಬೆರೆಸಿದ. ಉಳಿದ ಪಟ್ಟಿಯನ್ನೂ ಅದೇ ತೆವಳು ನಡಿಗೆಯಲ್ಲಿ ತೋಯಿಸಿ ಮುಗಿಸಿದ.

ವಾರದೊಳಗೆ ಗರಿಗಳ ತುದಿ ಬೆಂಕಿ ತಾಗಿದಂತೆ ಸುಟ್ಟವು, ಸುಳಿ ಹಳದಿಯಾಯಿತು. ಕಳೆಯೂ ಸತ್ತಿತ್ತು, ಭತ್ತವೂ ಸತ್ತಿತ್ತು. ಮತ್ತೆ ಬಿತ್ತುವ ಹದ ದಾಟಿ ಹೋಗಿತ್ತು. ಚೌಡಪ್ಪ ಬಂದು ನೋಡಿದ. ಬೀಜ ಜೊಳ್ಳು ಎಂದ, ಮಣ್ಣು ಸತ್ತೈತಿ ಎಂದ. ಪಾರ್ವತವ್ವ ಅಳಲಿಲ್ಲ.

"ಭತ್ತ ಹೋದ್ರ ಹೋಗಲಿ, ಕೂಲಿ ಮಾಡಿ ಉಣ್ತೀವಿ. ನನ್ನಿಂದ ಆತು ಅಂತ ಒಂದ್ಸಲ ಅನ್ನಣ್ಣಾ. ಬದು ಕದ್ದಾಕಿ ಅಂತ ನನ್ನ ಊರಾಗ ಆಡ್ಕೋತಾರ."

"ಬದು ಯಾಕ ಸರಿಸಿದಿ, ಅದನ್ನ ಮೊದಲ ಹೇಳು."

ನಾಗರ ಪಂಚಮಿಗೆ ತವರಿಗೆ ಕರೆಯಲು ಆ ವರ್ಷ ಅವನು ಬರಲಿಲ್ಲ. ಬಂದಿದ್ದರೂ ಅವಳು ಹೋಗುತ್ತಿರಲಿಲ್ಲ. ಹಬ್ಬದ ದಿನ ತಾಯಿ ಮಗಳು ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಿದ್ದರು, ಕೈಯಿಂದ.

ಚೌಡಪ್ಪನಂಥವರು ಸುಳ್ಳರಲ್ಲ, ಕೇಡಿಗರೂ ಅಲ್ಲ. ಹಾಗಿದ್ದಿದ್ದರೆ ಅವರಿಂದ ದೂರ ನಿಲ್ಲುವುದು ಸುಲಭವಿತ್ತು. ಬಹಳ ಕಾಲ ಸರಿಯಾಗಿಯೇ ಇದ್ದವರು ಅವರು. ಸರಿಯಾಗಿರುವುದೇ ತಮ್ಮ ಮೈಯ ಗುಣವೆಂದು ನಂಬಿಬಿಟ್ಟವರು. ತಮಗೂ ಲೋಕಕ್ಕೂ ಹೊಂದದೆ ಹೋದ ದಿನ ಲೋಕವೇ ಕದಲಿತೆಂದು ಅವರು ಆಣೆಯಿಟ್ಟು ಹೇಳಬಲ್ಲರು. ಮುಪ್ಪು ಎಲ್ಲರಿಗೂ ಬರುತ್ತದೆ. ಅವರಿಗೂ ಬರುತ್ತದೆ, ಆದರೆ ಅವರು ಅದನ್ನು ಬಾಗಿಲಲ್ಲೇ ತಿರುಗಿಸಿ, ತಮ್ಮನ್ನು ನಂಬಿದವರ ಮನೆಗೆ ಕಳಿಸಿಬಿಡುತ್ತಾರೆ.