ಹನ್ನೊಂದನೆಯವನ ಸರದಿ

ಮನೆಯಲ್ಲಿ ಅವನನ್ನು ಪುಟ್ಟ ಎಂದು ಕರೆಯುತ್ತಿದ್ದರು. ಬಾಗಿಲಿನ ಮೇಲ್ಪಟ್ಟಿಗೆ ಹಣೆ ತಗಲುವಷ್ಟು ಬೆಳೆದ ಮೇಲೂ ಅಮ್ಮನಿಗೆ, ಅಕ್ಕನಿಗೆ ಅವನು ಪುಟ್ಟನೇ. ದೇಶದ ತಂಡಕ್ಕೆ ಸೇರಿದ ಮೇಲೆ ಜೊತೆಯ ಆಟಗಾರರು ಏಣಿ ಎಂದು ಕರೆದರು. ಅದಕ್ಕೂ ಅವನು ನಕ್ಕು ಓಗೊಟ್ಟ. ಆದರೆ ಪತ್ರಿಕೆಯವರು ಇಟ್ಟ ಹೆಸರು ಮಾತ್ರ ಅವನಿಗೆ ಯಾರದೋ ಅಂಗಿ ತೊಟ್ಟಂತೆ ಅನ್ನಿಸುತ್ತಿತ್ತು. ಅವರು ಅವನನ್ನು ಕಲ್ಲೆದೆಯ ಬೌಲರ್ ಎಂದು ಬರೆಯುತ್ತಿದ್ದರು.

ನಿಜ ಹೇಳಬೇಕೆಂದರೆ ಏಣಿಯಂಥ ಪುಕ್ಕಲ ಆ ತಂಡದಲ್ಲಿ ಇನ್ನೊಬ್ಬನಿರಲಿಲ್ಲ.

ಅಪ್ಪನದು ಗೇಟು, ಕಿಟಕಿಯ ಸರಳು ಬೆಸೆಯುವ ವೆಲ್ಡಿಂಗ್ ಅಂಗಡಿ. ಕಿಡಿ ಹಾರಿತೆಂದರೆ ಪುಟ್ಟ ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಲ್ಲುತ್ತಿದ್ದ. ಅಕ್ಕ ಕಪ್ಪು ಗಾಜಿನ ಗುರಾಣಿಯನ್ನು ಮುಖಕ್ಕೆ ಹಿಡಿದು ಅಪ್ಪನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಮುಂದೆ ಅಂಗಡಿ ಅವಳ ಕೈಗೇ ಬಂತು. ಅಂಗಡಿಯ ಹಿಂದೆ ತುಕ್ಕು ಹಿಡಿದ ತಗಡುಗಳ ನಡುವಿನ ಖಾಲಿ ಜಾಗದಲ್ಲಿ ಓಣಿಯವರೆಲ್ಲ ಸೇರಿ ಆಡುತ್ತಿದ್ದರು. ಒಮ್ಮೆ ಪುಟ್ಟ ಬ್ಯಾಟ್ ಹಿಡಿದು ನಿಂತಿದ್ದಾಗ ಗಟ್ಟಿ ಚೆಂಡು ಪುಟಿದೆದ್ದು ನೇರ ಬಾಯಿಗೆ ಬಡಿಯಿತು. ತುಟಿ ಸೀಳಿತು. ಆಮೇಲೆ ಬ್ಯಾಟ್ ಕೊಟ್ಟರೆ ಇನ್ನೊಬ್ಬನ ಕೈಗೆ ದಾಟಿಸಿಬಿಡುತ್ತಿದ್ದ. ಆದರೆ ಆಟ ಬಿಡಲೂ ಮನಸ್ಸಿಲ್ಲ. ಚೆಂಡು ಯಾರ ಕೈಯಲ್ಲಿದೆಯೋ ಅವನಿಗೆ ಏಟು ಬೀಳುವುದಿಲ್ಲ ಎಂದು ಯೋಚಿಸಿ ಬೌಲಿಂಗ್ ಹಿಡಿದ. ಎದುರಿನವರನ್ನು ಬೇಗ ಮುದುರಿಸಿಬಿಟ್ಟರೆ ತನ್ನ ಬ್ಯಾಟಿಂಗ್ ಸರದಿಯೇ ಬರುವುದಿಲ್ಲವಲ್ಲ ಎಂದು ಇನ್ನಷ್ಟು ಜೋರಾಗಿ ಹಾಕಿದ. ಹೆದರಿಕೆ ಅವನನ್ನು ಹೀಗೆ ಬೆನ್ನಟ್ಟಿ ಓಡಿಸಿ ಓಡಿಸಿ ದೇಶದ ತಂಡದವರೆಗೆ ತಂದು ಬಿಟ್ಟಿತು.

ಅಲ್ಲಿ ಅವನು ಹನ್ನೊಂದನೆಯವನಾಗಿ ಬ್ಯಾಟಿಂಗಿಗೆ ಇಳಿಯುತ್ತಿದ್ದ. ಬೌಲರ್ ಓಡಿ ಬರುತ್ತಿದ್ದಂತೆ ಇವನು ಸ್ಟಂಪು ಬಿಟ್ಟು ಪಕ್ಕಕ್ಕೆ ಜಿಗಿಯುತ್ತಿದ್ದ. ಸ್ಟೇಡಿಯಮ್ಮೆಲ್ಲ ನಗುತ್ತಿತ್ತು, ಇವನೂ ನಗುತ್ತಿದ್ದ. ಜನರನ್ನು ನಗಿಸಲು ಮಾಡುವ ಸೋಗು ಎಂದು ಎಲ್ಲರೂ ತಿಳಿದಿದ್ದರು. ಹಾಗೆ ತಿಳಿದುಕೊಂಡದ್ದು ಅವನಿಗೂ ಒಳ್ಳೆಯದೇ ಆಯಿತು.

ಪರದೇಶದ ಪ್ರವಾಸದಲ್ಲಿ ಆ ಟೆಸ್ಟ್ ಬಂತು. ಮೊದಲ ದಿನ ಬೆಳಿಗ್ಗೆ ಪಿಚ್ಚಿನಲ್ಲಿ ಇನ್ನೂ ತೇವವಿತ್ತು. ಎದುರಿನ ಎಡಗೈ ಓಪನರ್ ತಣ್ಣಗಿನ ಮನುಷ್ಯ, ಕದಲುವವನಲ್ಲ. ಅವನನ್ನು ಹಿಂದೆ ತಳ್ಳಲೆಂದು ಏಣಿ ಒಂದು ಬೌನ್ಸರ್ ಎಸೆದ. ಅಂದುಕೊಂಡಷ್ಟು ಎತ್ತರಕ್ಕೆ ಅದು ಏಳಲಿಲ್ಲ. ಹೆಲ್ಮೆಟ್ಟಿನ ಅಂಚಿಗೂ ಕಂಬಿಗೂ ನಡುವೆ ತೂರಿ ಕೆನ್ನೆಗೆ ಬಡಿಯಿತು. ಒಣ ಕಟ್ಟಿಗೆ ಮುರಿದಂಥ ಸದ್ದು. ಓಪನರ್ ಮೊದಲು ಮಂಡಿಯೂರಿದ, ಆಮೇಲೆ ಬದಿಗೆ ವಾಲಿದ. ಎಲ್ಲರೂ ಅವನತ್ತ ಓಡಿದರು. ಏಣಿ ಮಾತ್ರ ತಿರುಗಿ ತನ್ನ ರನ್‌ಅಪ್ ಶುರುವಾಗುವ ಗುರುತಿನ ಕಡೆ ನಡೆದುಬಿಟ್ಟ. ಅಲ್ಲಿ ನಿಂತು ಅಂಗಿಯ ತುದಿಯಿಂದ ಬರಿಗೈ ಒರೆಸಿಕೊಳ್ಳುತ್ತಿದ್ದ. ರಕ್ತ ನೋಡಿದರೆ ತಾನೂ ಬಿದ್ದುಹೋಗುತ್ತೇನೆ ಎಂಬ ಭಯ ಅವನದು. ಆದರೆ ಟಿವಿಯವರು ಅದನ್ನೇ ತಿರುಗಿ ತಿರುಗಿ ತೋರಿಸಿದರು. ಮರುದಿನ ಪತ್ರಿಕೆಗಳಲ್ಲಿ ಅವನ ಬೆನ್ನಿನ ಚಿತ್ರ, ಮೇಲೆ ಅದೇ ಕಲ್ಲೆದೆ.

ಕೆನ್ನೆಯ ಮೂಳೆ ಮುರಿದಿದೆ, ಕಣ್ಣು ಉಳಿಯುವುದು ಅನುಮಾನ ಎಂಬ ಸುದ್ದಿ ಆಸ್ಪತ್ರೆಯಿಂದ ಬಂತು. ಡ್ರೆಸ್ಸಿಂಗ್ ರೂಮಿನಲ್ಲಿ ಯಾರಾದರೂ ಆ ಮಾತು ತೆಗೆದರೆ ಏಣಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುತ್ತ ಕೂರುತ್ತಿದ್ದ.

ಎದುರಿನವರಲ್ಲೂ ಒಬ್ಬ ವೇಗಿ ಇದ್ದ. ಕುತ್ತಿಗೆಯೇ ಇಲ್ಲದ ಮೈಕಟ್ಟು, ತಲೆ ತಗ್ಗಿಸಿಕೊಂಡೇ ಓಡಿ ಬರುವ ರೀತಿ ನೋಡಿ ಎಲ್ಲರೂ ಅವನನ್ನು ಗೂಳಿ ಎನ್ನುತ್ತಿದ್ದರು. ಓಪನರ್ ಅವನ ಜೀವದ ಗೆಳೆಯ. ಊಟದ ಕೋಣೆಯ ಬಾಗಿಲಲ್ಲಿ ಎದುರಾದಾಗ ಗೂಳಿ ದಾರಿ ಬಿಡಲಿಲ್ಲ. ಸಿಟ್ಟಿಲ್ಲದ ಸಣ್ಣ ದನಿಯಲ್ಲಿ ಹೇಳಿದ.

"ನೀನೂ ಒಂದಿನ ಬ್ಯಾಟ್ ಹಿಡ್ಕೊಂಡು ಬರ್ತೀಯಲ್ಲ. ನಾನು ಕಾಯ್ತೀನಿ."

ಮೊದಲ ಸರದಿಯಲ್ಲಿ ಏಣಿ ಬಚಾವಾದ. ಒಂಬತ್ತು ವಿಕೆಟ್ ಬೀಳುತ್ತಿದ್ದಂತೆ ಕ್ಯಾಪ್ಟನ್ ಡಿಕ್ಲೇರ್ ಮಾಡಿದ್ದ. ಕೊನೆಯ ದಿನ ಅಂಥ ಅದೃಷ್ಟ ಇರಲಿಲ್ಲ. ಗೆಲ್ಲುವ ಮಾತು ಬಿಟ್ಟು ಸಂಜೆಯವರೆಗೆ ನಿಂತು ಡ್ರಾ ಮಾಡಿಕೊಂಡರೆ ಸಾಕು ಎಂಬಂತಾಗಿತ್ತು. ಚಹಾದ ವಿರಾಮದ ನಂತರ ವಿಕೆಟುಗಳು ಒಂದರ ಹಿಂದೊಂದು ಉದುರತೊಡಗಿದವು.

ಏಣಿ ಪ್ಯಾಡ್ ಕಟ್ಟಿಕೊಂಡು ಬೆಂಚಿನ ಮೂಲೆಯಲ್ಲಿ ಕೂತಿದ್ದ. ಶೌಚಾಲಯಕ್ಕೆ ಹೋಗಿ ಬಂದ, ಮತ್ತೆ ಹೋದ. ಗ್ಲೌಸಿನ ಪಟ್ಟಿ ಎಷ್ಟು ಎಳೆದರೂ ಕಚ್ಚಿಕೊಳ್ಳಲೇ ಇಲ್ಲ. ತಂಡದ ಫಿಸಿಯೋ ಬಂದು ಮಗುವಿಗೆ ಹಾಕಿದಂತೆ ಹಾಕಿಕೊಟ್ಟ. ಎದೆಗೊಂದು ಕವಚ, ಮೊಣಕೈಗೊಂದು, ಕುತ್ತಿಗೆಗೊಂದು. ಇಷ್ಟೆಲ್ಲ ಕಟ್ಟಿಕೊಂಡ ಮೇಲೂ ತಾನು ಬರಿಮೈಯಲ್ಲಿ ಇದ್ದೇನೆ ಅನ್ನಿಸುತ್ತಿತ್ತು. ಹೊರಗೆ ಜನ ಹೋ ಎಂದು ಎದ್ದರು. ಯಾರೂ ಹೇಳಬೇಕಾಗಿರಲಿಲ್ಲ, ಒಂಬತ್ತನೆಯ ವಿಕೆಟ್ ಬಿದ್ದಿತ್ತು.

ಏಣಿ ಮೆಟ್ಟಿಲಿಳಿದು ಹುಲ್ಲಿನ ಮೇಲೆ ಕಾಲಿಟ್ಟ. ಆ ತುದಿಯಲ್ಲಿ ಬ್ಯಾಟ್ ಮಾಡುತ್ತಿದ್ದ ತಮ್ಮ ತಂಡದ ಕೀಪರ್ ನಡುದಾರಿಗೇ ಬಂದ. ಅವನು ಗಿಡ್ಡ, ಬಾಯಿ ಮುಚ್ಚದ ಆಸಾಮಿ. ಇನ್ನುಳಿದಿರುವುದು ಕೆಲವೇ ಓವರು, ಬೆಳಕೂ ಮಂಕಾಗುತ್ತಿದೆ, ಆದಷ್ಟು ತಾನೇ ಆಡುತ್ತೇನೆ, ಈ ಓವರಿನಲ್ಲಿ ಮಿಕ್ಕಿದ್ದನ್ನು ಮಾತ್ರ ನೋಡಿಕೋ ಎಂದ. ಏಣಿಗೆ ಅರ್ಧ ಕೇಳಿಸಿತು.

"ನಂಗೆ ಕಾಲೇ ಬರ್ತಿಲ್ಲ ಕಣೋ," ಎಂದ.

ಕೀಪರ್ ಅವನ ಮುಖ ನೋಡಿದ. ಇದು ಸೋಗಲ್ಲ ಎಂದು ಅವನಿಗೆ ಹೊಳೆದದ್ದು ಆಗಲೇ. ನಗಲಿಲ್ಲ.

"ಬರದೇ ಇದ್ರೆ ಒಳ್ಳೇದೇ ಆಯ್ತು. ಹಾಗೇ ನಿಂತ್ಕೋ. ಓಡಬೇಡ."

ಗೂಳಿ ದೂರದಲ್ಲಿ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ಅವನು ಓಡತೊಡಗಿದಾಗ ಏಣಿಗೆ ಮೊದಲು ಬೂಟಿನ ಸದ್ದು ಕೇಳಿಸಿತು, ಆಮೇಲೆ ಉಸಿರಾಟ. ಇಷ್ಟು ವರ್ಷ ಆ ಸದ್ದನ್ನು ತಾನೂ ಮಾಡುತ್ತಿದ್ದ, ಆದರೆ ಎದುರಿನ ತುದಿಯಲ್ಲಿ ಅದು ಹೀಗೆ ಕೇಳುತ್ತದೆಂದು ಗೊತ್ತಿರಲಿಲ್ಲ. ಹಿಂದೆಲ್ಲ ಇಷ್ಟು ಹೊತ್ತಿಗೆ ಪಕ್ಕಕ್ಕೆ ಜಿಗಿದಿರುತ್ತಿದ್ದ. ಇವತ್ತು ಜಿಗಿಯುವ ಶಕ್ತಿಯೂ ಉಳಿದಿರಲಿಲ್ಲ. ಚೆಂಡು ಗಂಟಲಿನ ಮುಂದೆ ಹಾದುಹೋಯಿತು. ಹೋದ ಮೇಲೆ ತಲೆ ಹಿಂದಕ್ಕೆಳೆದುಕೊಂಡ.

ಮುಂದಿನದು ಪಕ್ಕೆಗೆ ಬಡಿಯಿತು. ಉಸಿರೆಲ್ಲ ಹೊರಗೆ ಹೋಗಿ ಒಳಗೆ ಬರುವುದನ್ನೇ ಮರೆಯಿತು. ಸುತ್ತ ನಿಂತ ಫೀಲ್ಡರುಗಳು ಒಂದು ಹೆಜ್ಜೆ ಹತ್ತಿರ ಬಂದರು. ಅದರ ಮುಂದಿನದನ್ನು ಅವನು ಕಾಣಲೇ ಇಲ್ಲ. ಹೆಲ್ಮೆಟ್ಟಿನ ಪಕ್ಕಕ್ಕೆ ಢಣ್ ಎಂದು ಬಿತ್ತು. ಒಂದು ಕ್ಷಣ ಆಕಾಶ, ಹುಲ್ಲು, ಜನ ಎಲ್ಲ ಒಟ್ಟಿಗೇ ಓರೆಯಾದವು.

ತಂಡದ ಡಾಕ್ಟರು ಓಡಿ ಬಂದರು. ಹೆಲ್ಮೆಟ್ ತೆಗೆಸಿ, ಕಣ್ಣಿಗೆ ಬೆಳಕು ಬಿಟ್ಟು, ಇದು ಯಾವ ಮೈದಾನ, ಈಗ ಬೌಲ್ ಮಾಡಿದವನು ಯಾರು ಎಂದೆಲ್ಲ ಕೇಳಿದರು. ಏಣಿ ಸರಿಯಾಗಿಯೇ ಉತ್ತರಿಸಿದ. ಕೊನೆಗೆ ತಲೆ ಸುತ್ತುತ್ತಿದೆಯೇ ಎಂದು ಕೇಳಿದರು.

ತಲೆ ಸುತ್ತುತ್ತಿರಲಿಲ್ಲ. ಆದರೆ ಸುತ್ತುತ್ತಿದೆ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ತಲೆಗೆ ಏಟು ಬಿದ್ದವನ ಬದಲಿಗೆ ಇನ್ನೊಬ್ಬನನ್ನು ಕಳಿಸುವ ನಿಯಮವಿತ್ತು. ಒಳಗೆ ಹೋಗಿ ಕಣ್ಣು ಮುಚ್ಚಿ ಮಲಗಬಹುದು, ಯಾರೂ ತಪ್ಪು ಹಿಡಿಯುವುದಿಲ್ಲ. ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಅವನ ಕಣ್ಣು ಬಾಲ್ಕನಿಯ ಕಡೆ ಹೋಯಿತು. ತಂಡಕ್ಕೆ ಹೊಸದಾಗಿ ಬಂದಿದ್ದ, ಇನ್ನೂ ಒಂದು ಪಂದ್ಯವನ್ನೂ ಆಡಿರದ ಬೌಲರ್ ಅಲ್ಲಿ ನಿಂತು ಪ್ಯಾಡ್ ಕಟ್ಟಿಕೊಳ್ಳುತ್ತಿದ್ದ. ಅಷ್ಟು ದೂರದಿಂದ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ಗ್ಲೌಸಿನ ಪಟ್ಟಿ ಕಚ್ಚಿಕೊಳ್ಳದೆ ಅವನು ಒದ್ದಾಡುತ್ತಿದ್ದುದು ಕಾಣುತ್ತಿತ್ತು.

"ಏನಿಲ್ಲ ಡಾಕ್ಟ್ರೇ. ಸರಿ ಇದೀನಿ," ಎಂದ ಏಣಿ. ಹೇಳಿದ ಮರುಗಳಿಗೆಯೇ ಯಾಕೆ ಹೇಳಿದೆನೋ ಅನ್ನಿಸಿತು.

ಆಮೇಲಿನದು ಅವನಿಗೆ ತುಂಡು ತುಂಡಾಗಿ ಮಾತ್ರ ನೆನಪಿತ್ತು. ಕೀಪರ್ ಆದಷ್ಟು ತಾನೇ ಆಡಿದ, ಆದರೂ ಓವರಿಗೊಂದೆರಡು ಚೆಂಡು ಇವನ ಪಾಲಿಗೆ ಬರುತ್ತಲೇ ಇದ್ದವು. ಭುಜಕ್ಕೆ ಬಿತ್ತು, ತೊಡೆಗೆ ಬಿತ್ತು, ಒಮ್ಮೆ ತಾನಾಗಿ ಬ್ಯಾಟಿಗೂ ಬಿತ್ತು. ಪ್ರತಿ ಸಲ ಗೂಳಿ ತಿರುಗಿ ನಡೆದಾಗ ಇವನು ಅಮ್ಮಾ ಎಂದು ಬಾಯೊಳಗೇ ಅಂದುಕೊಳ್ಳುತ್ತಿದ್ದ. ಸ್ಟೇಡಿಯಮ್ಮಿನಲ್ಲಿ ಯಾರೂ ನಗುತ್ತಿರಲಿಲ್ಲ.

ಮೋಡ ಕವಿಯಿತು. ಅಂಪೈರುಗಳು ಮೀಟರ್ ಹಿಡಿದು ಬೆಳಕು ನೋಡಿದರು. ವೇಗದ ಬೌಲಿಂಗಿಗೆ ಈ ಬೆಳಕು ಸಾಲದು, ಸ್ಪಿನ್ ಹಾಕಿಸುವುದಾದರೆ ಆಟ ಮುಂದುವರಿಯಲಿ ಎಂದರು. ಎದುರಿನ ಕ್ಯಾಪ್ಟನ್ ಗೊಣಗುತ್ತ ಗೂಳಿಯ ಕೈಯಿಂದ ಚೆಂಡು ಇಸಿದುಕೊಂಡು, ಅಪರೂಪಕ್ಕೆ ಬೌಲ್ ಮಾಡುವ ಒಬ್ಬ ಸ್ಪಿನ್ನರನಿಗೆ ಕೊಟ್ಟ.

ಏಣಿಯ ಮೈಯೆಲ್ಲ ಒಮ್ಮೆಲೇ ಹಗುರವಾಯಿತು. ಬಿಗಿಹಿಡಿದಿದ್ದ ಹಲ್ಲು ಸಡಿಲಿತು, ಕಣ್ಣಲ್ಲಿ ನೀರು ಬಂತು. ಬದುಕಿದೆ ಎಂದುಕೊಂಡ. ಕೀಪರ್ ಆ ತುದಿಯಿಂದ ಕೈ ಎತ್ತಿ ಏನೋ ಎಚ್ಚರಿಸುತ್ತಿದ್ದ. ಚೆಂಡು ಯಾರೋ ಎತ್ತಿ ಕೊಟ್ಟಂತೆ ಮೆಲ್ಲಗೆ ತೇಲಿ ಬಂತು. ಅಷ್ಟು ಹೊತ್ತು ಮರಗಟ್ಟಿದ್ದ ಕಾಲು ಈಗ ಹೇಳದೆ ಕೇಳದೆ ಮುಂದಕ್ಕೆ ಹೋಯಿತು. ಬ್ಯಾಟ್ ಬೀಸಿದ. ಚೆಂಡು ನೆಟ್ಟಗೆ ಮೇಲಕ್ಕೆ ಹೋಗಿ ನೆಟ್ಟಗೆ ಕೆಳಗೆ ಬಂತು. ಅದನ್ನು ಹಿಡಿದವನು ಗೂಳಿ.

ಪಂದ್ಯ ಸೋತರು. ಗೂಳಿಯ ಮುಂದೆ ಅಷ್ಟು ಹೊತ್ತು ನಿಂತು, ಸಪ್ಪೆ ಚೆಂಡಿಗೆ ವಿಕೆಟ್ ಎಸೆದು ಬಂದ ಬೇಜವಾಬ್ದಾರಿ ಎಂದು ಪತ್ರಿಕೆಗಳು ಝಾಡಿಸಿದವು. ಕ್ಯಾಪ್ಟನ್ ಮುಖ ತಿರುಗಿಸಿಕೊಂಡು ಹೋದ. ಕೀಪರ್ ಮಾತ್ರ ಪಕ್ಕದಲ್ಲಿ ಬಂದು ಕೂತು, ಅಪರೂಪಕ್ಕೆ ಬಾಯಿ ಮುಚ್ಚಿಕೊಂಡೇ, ಇವನ ಪ್ಯಾಡು ಬಿಚ್ಚಿಕೊಟ್ಟ.

ಫಿಸಿಯೋನ ಕೋಣೆಯಲ್ಲಿ ಪಕ್ಕೆಗೆ ಐಸ್ ಇಟ್ಟುಕೊಂಡು ಮಲಗಿದ್ದಾಗ ಬಾಗಿಲು ತೆರೆಯಿತು. ಎಡಗೈ ಓಪನರ್ ನಿಂತಿದ್ದ. ಅರ್ಧ ಮುಖ ಊದಿ ನೀಲಿಯಾಗಿತ್ತು, ಕಣ್ಣಿನ ಕೆಳಗೆ ಹೊಲಿಗೆ. ಆದರೆ ಆ ಕಣ್ಣು ತೆರೆದಿತ್ತು, ಏಣಿಯನ್ನೇ ನೋಡುತ್ತಿತ್ತು. ಏಣಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಬಾಗಿಲು ಇದ್ದದ್ದು ಒಂದೇ.

ಇಬ್ಬರಿಗೂ ಬರುವ ಹರುಕುಮುರುಕು ಭಾಷೆಯಲ್ಲಿ ಮಾತು ನಡೆಯಿತು.

"ಅವತ್ತು ಹತ್ತಿರಾನೂ ಬರಲಿಲ್ಲವಲ್ಲ ನೀನು," ಎಂದ ಓಪನರ್. "ಯಾಕೆ ಅಂತ ಕೇಳೋಣ ಅಂತ ಬಂದೆ."

ಏಣಿ ಸುಳ್ಳು ಹುಡುಕಿದ, ಸಿಗಲಿಲ್ಲ. "ಹೆದರಿಕೆ ಆಯ್ತು."

ಓಪನರ್ ನಗಲು ಹೋಗಿ ನೋವಿಗೆ ಕೆನ್ನೆ ಹಿಡಿದುಕೊಂಡ. ಸ್ಟೂಲು ಎಳೆದುಕೊಂಡು ಕೂತ. ತಾನು ಬ್ಯಾಟಿಂಗಿಗೆ ಇಳಿಯುವ ದಿನ ಬೆಳಿಗ್ಗೆ ವಾಂತಿ ಮಾಡಿಕೊಳ್ಳದೆ ಬಂದದ್ದೇ ಇಲ್ಲ, ಇದು ತನ್ನ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದ. ಕಣ್ಣು ಉಳಿಯುತ್ತದೆ ಎಂದು ಡಾಕ್ಟರು ನಿನ್ನೆ ಹೇಳಿದರಂತೆ. ಮತ್ತೆ ಆಡುತ್ತೀಯಾ ಎಂದು ಏಣಿ ಕೇಳಿದ್ದಕ್ಕೆ, ಗೊತ್ತಿಲ್ಲ ಎಂದು ತಲೆಯಾಡಿಸಿ ಎದ್ದು ಹೋದ.

ಊರಿಗೆ ಮರಳಿದ ಮೇಲೆ ಏಣಿಯ ಬೌಲಿಂಗ್ ಕೆಟ್ಟಿತು. ಬೌನ್ಸರಿಗೆಂದು ಚೆಂಡು ನೆಲಕ್ಕೆ ಕುಕ್ಕಬೇಕೆನ್ನುವಾಗ ಕಟ್ಟಿಗೆ ಮುರಿದ ಸದ್ದು ಕಿವಿಯಲ್ಲಿ ಮೊಳಗುತ್ತಿತ್ತು, ಬೆರಳು ತಾನಾಗಿ ಸಡಿಲಾಗುತ್ತಿತ್ತು. ವೇಗ ಇಳಿಯಿತು. ತಂಡದಿಂದ ಕೈಬಿಟ್ಟರು. ಒಂದು ಮಧ್ಯಾಹ್ನ ಅಂಗಡಿಗೆ ಹೋಗಿ, ಅಕ್ಕ ಗ್ಯಾಸಿನ ಉರಿಯಿಂದ ಗೇಟಿನ ಸರಳು ಕತ್ತರಿಸುವುದನ್ನು ನೋಡುತ್ತ ಹೊಸ್ತಿಲಲ್ಲಿ ಕೂತ. ಹೆದರಿಕೆ ಮೊದಲು ಬ್ಯಾಟ್ ಹಿಡಿದ ಕಡೆ ಮಾತ್ರ ಇತ್ತು, ಈಗ ಎರಡೂ ತುದಿಯಲ್ಲಿದೆ ಎಂದು ಹೇಳಿಕೊಂಡ. ಅಕ್ಕ ಉರಿ ಆರಿಸಿ, ಕಪ್ಪು ಕನ್ನಡಕ ಹಣೆಗೇರಿಸಿದಳು.

"ನಂಗೂ ಈ ಗ್ಯಾಸು ಹಚ್ಚುವಾಗೆಲ್ಲ ಭಯಾನೇ ಪುಟ್ಟ. ಅದಕ್ಕೇ ನೋಡು, ಇನ್ನೂ ಎರಡು ಕಣ್ಣೂ ಇವೆ."

ಅಷ್ಟು ಹೇಳಿ ಆ ಕಡೆ ತುದಿ ಸ್ವಲ್ಪ ಹಿಡಿದುಕೋ ಎಂದಳು. ಕಿಡಿ ಹಾರಿತು. ಅವನು ಮುಖ ತಿರುಗಿಸಿದ, ಆದರೆ ಸರಳು ಬಿಡಲಿಲ್ಲ. ಮಾರನೆಯ ದಿನದಿಂದ ನೆಟ್ಸಿಗೆ ಹೋಗತೊಡಗಿದ. ಖಾಲಿ ಪಿಚ್ಚಿಗೆ ಬೌನ್ಸರ್ ಎಸೆದ, ಆಮೇಲೆ ಕೀಪರನನ್ನು ಕಾಡಿ ಬೇಡಿ ಎದುರಿಗೆ ನಿಲ್ಲಿಸಿಕೊಂಡ. ವೇಗ ಮರಳಿತು. ಭಯ ಹೋಗಲಿಲ್ಲ.

ಎರಡು ತಂಡಗಳೂ ಮತ್ತೆ ಎದುರಾದಾಗ ಓಪನರ್ ಬಂದಿದ್ದ. ಕೆನ್ನೆಯಲ್ಲಿ ಸಣ್ಣ ಗುಳಿ, ಹೆಲ್ಮೆಟ್ಟಿಗೆ ಇನ್ನೊಂದು ಕಂಬಿ. ಏಣಿ ಓಡತೊಡಗಿದಾಗ ಎದೆ ಡವಗುಟ್ಟುವುದು ಅವನಿಗೇ ಕೇಳುತ್ತಿತ್ತು. ಬೌನ್ಸರ್ ಎಸೆದ. ಓಪನರ್ ಬೆನ್ನು ಬಾಗಿಸಿದ, ಚೆಂಡು ಮೂಗಿನ ಮುಂದೆ ಹಾರಿಹೋಯಿತು. ಏಣಿ ನಿಲ್ಲದೆ ಪಿಚ್ಚಿನ ಪಕ್ಕದಲ್ಲಿ ಆ ತುದಿಯವರೆಗೂ ನಡೆದ. ಜಗಳಕ್ಕೆ ಹೊರಟ ಎಂದು ಅಂಪೈರ್ ಹಿಂದೆಯೇ ಬಂದ.

"ಸರಿ ಇದೀಯಾ?" ಎಂದು ಕೇಳಿದ ಏಣಿ.

"ಇದೀನಿ. ನೀನು?"

ಏಣಿ ತಿರುಗಿ ತನ್ನ ಗುರುತಿನ ಕಡೆ ನಡೆದ. ಆ ದಿನ ಓಪನರ್ ಅವನನ್ನು ಚೆನ್ನಾಗಿಯೇ ಚಚ್ಚಿದ. ಸಂಜೆ ಲೆಕ್ಕ ನೋಡಿ ಕ್ಯಾಪ್ಟನ್ ಮುಖ ಸಿಂಡರಿಸಿದ. ಏಣಿಗೆ ಮಾತ್ರ ಬೌಂಡರಿಗೆ ಹೋದ ಒಂದೊಂದು ಚೆಂಡಿಗೂ ಸದ್ಯ ಅವನ ಮುಖಕ್ಕೆ ತಗಲದೆ ತಪ್ಪಿತಲ್ಲ ಅನ್ನಿಸುತ್ತಿತ್ತು. ನಾಳೆ ಅವನನ್ನು ಔಟ್ ಮಾಡಲೇಬೇಕು. ಅದಕ್ಕೆ ಇನ್ನೂ ಕುಕ್ಕಿ ಹಾಕಬೇಕು. ಆ ಯೋಚನೆಗೇ ಅವನ ಅಂಗೈ ಬೆವರಿತು.