ಸೀಬೆ ಎಲೆಯ ಸಾಕ್ಷಿ

ನನ್ನ ಮಗಳು ಶಿರಿನಾ ಗಂಡನ ಮನೆಯಲ್ಲಿ ಎರಡು ಸಲ ಬಸಿರಾಗಿ ಎರಡು ಸಲವೂ ಕಳೆದುಕೊಂಡಳು. ಆ ಊರಿನ ಕೊಳವೆಬಾವಿಗಳ ಮೂತಿಗೆಲ್ಲ ಕೆಂಪು ಬಣ್ಣ ಬಳಿದಿದ್ದರು. ಕೆಂಪು ಎಂದರೆ ನೀರಿನಲ್ಲಿ ಆರ್ಸೆನಿಕ್ ವಿಷವಿದೆ, ಕುಡಿಯಬೇಡಿ ಎಂದು. ಬಣ್ಣ ಬಳಿದ ಪುಣ್ಯಾತ್ಮರು ಬೇರೆ ನೀರೇನೂ ಕೊಟ್ಟು ಹೋಗಿರಲಿಲ್ಲ. ಮೂರನೆಯ ಸಲ ನಿಂತಾಗ, ಎರಡನೇ ತಿಂಗಳಲ್ಲೇ ಬೀಗಿತ್ತಿಯ ಜತೆ ಜಗಳವಾಡಿ ಅವಳನ್ನು ನಮ್ಮೂರಿಗೆ ಕರೆತಂದೆ. ನಮ್ಮೂರಿನ ಬಾವಿಗಳೂ ಕೆಂಪೇ, ಆದರೆ ಮುರ್ಷಿದಾಬಾದಿನ ಆ ಮೂಲೆಯಲ್ಲಿ ವಿಷ ತೆಗೆಯುವ ನೀರಿನ ಯಂತ್ರ ಇದ್ದದ್ದು ನಮ್ಮಲ್ಲಿ ಮಾತ್ರ. ಈ ಮಗುವಾದರೂ ಉಳಿಯಲಿ ಎಂಬುದೊಂದೇ ನನ್ನ ಆಸೆ.

ಯಂತ್ರ ನೋಡಿಕೊಳ್ಳುತ್ತಿದ್ದವಳು ಬಾಸಂತಿ, ನನ್ನ ಸೊಯಿ. ನಮ್ಮ ಕಡೆ ಇಬ್ಬರು ಹುಡುಗಿಯರು ಮುಡಿಯ ಹೂ ಬದಲಿಸಿಕೊಂಡು ಸೊಯಿ ಆದರೆಂದರೆ ಒಡಹುಟ್ಟಿದವರಿಗಿಂತ ಹೆಚ್ಚು. ಅವಳು ಹಿಂದೂ, ನಾನು ಮುಸಲ್ಮಾನಳು. ಮೂವತ್ತೆರಡು ವರ್ಷದಲ್ಲಿ ನಮ್ಮ ನಡುವೆ ಯಾವ ಗುಟ್ಟೂ ಇರಲಿಲ್ಲ. ಹಾಗೆಂದು ನಾನು ತಿಳಿದಿದ್ದೆ.

ಯಂತ್ರವೆಂದರೆ ಒಂದು ತೊಟ್ಟಿ, ಅದರಲ್ಲಿ ಸಾಲಾಗಿ ಕಬ್ಬಿಣದ ತಗಡುಗಳು. ಕರೆಂಟು ಬಿಟ್ಟರೆ ತಗಡು ತುಕ್ಕು ಬಿಡುತ್ತದೆ, ತುಕ್ಕು ವಿಷವನ್ನು ಹಿಡಿದುಕೊಳ್ಳುತ್ತದೆ, ಪಟಿಕ ಹಾಕಿದರೆ ಎರಡೂ ಕೆಸರಾಗಿ ತಳಕ್ಕೆ ಇಳಿಯುತ್ತವೆ. ತಿಳಿಯಾದ ನೀರು ನಲ್ಲಿಗೆ ಬರುತ್ತದೆ. ಚೈತ್ರದ ಬಿಸಿಲಿಗೆ ಕೊಡಗಳ ಸಾಲು ಬೆಳೆಯಿತು, ಕೆಸರು ಇಳಿಯುವವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ನೀರು ಹಳದಿಯಾಗಿ ಬರತೊಡಗಿತು.

ನಮ್ಮ ಹೆಂಗಸರಿಗೆ ನೀರಿನ ಪರೀಕ್ಷೆ ಎಂದರೆ ಸೀಬೆ ಎಲೆ. ಎಲೆ ಜಜ್ಜಿ ರಸ ಹಿಂಡಿದರೆ ಕಬ್ಬಿಣವಿರುವ ನೀರು ಕಪ್ಪಾಗುತ್ತದೆ. ಆರ್ಸೆನಿಕ್ ಎಷ್ಟಿದ್ದರೂ ಎಲೆಗೆ ಗೊತ್ತಾಗುವುದಿಲ್ಲ. ಆದರೆ ಕಪ್ಪಾದರೆ ಕೆಟ್ಟ ನೀರು, ಆಗದಿದ್ದರೆ ಒಳ್ಳೆಯ ನೀರು ಎಂದು ಅಜ್ಜಿಯರ ಕಾಲದಿಂದ ನಂಬಿದವರು ನಾವು. ಅಂದು ಎಲೆ ಹಿಂಡಿದವಳು ನಾನೇ. ಕಪ್ಪಾದ ಲೋಟವನ್ನು ಸಾಲಿನ ಮುಂದೆ ಎತ್ತಿ ಹಿಡಿದವಳೂ ನಾನೇ. ವಿಷ ತೆಗೆಯುತ್ತೇವೆಂದು ತುಕ್ಕು ಕುಡಿಸುತ್ತಾರೆ ಎಂದು ಹೆಂಗಸರು ಸೊಯಿಯ ಮೇಲೆ ಹರಿಹಾಯ್ದರು, ಅರ್ಧ ಊರು ಮತ್ತೆ ಕೆಂಪು ಮೂತಿಯ ಬಾವಿಗೆ ಹೋಯಿತು.

ಎಂಟು ದಿನ ಕಳೆದು ಸೊಯಿ ನನ್ನನ್ನು ಕರೆದಳು. ನೀರು ಕನ್ನಡಿಯಂತಿತ್ತು. ಎಲೆ ಹಿಂಡಿದೆ, ಬಣ್ಣ ಬದಲಾಗಲಿಲ್ಲ. ರಿಪೇರಿ ಮಾಡಿಸಿದೆ ಎಂದಳು. ನಾನು ಬೀಗುತ್ತ ಮನೆಮನೆಗೆ ಹೋಗಿ, ಈಗ ಕುಡಿಯಿರಿ, ನಾನೇ ನೋಡಿದ್ದೇನೆ ಎಂದು ಸಾರಿದೆ. ಎಲ್ಲರೂ ವಾಪಸು ಬಂದರು.

ಭಾದ್ರಪದದಲ್ಲಿ ಸೊಯಿಗೆ ಜ್ವರ ಬಂತು. ಬೀಗದ ಕೈ ನನಗೆ ಕಳಿಸಿ, ನಲ್ಲಿ ಮಾತ್ರ ಬಿಡು, ತೊಟ್ಟಿಯ ಮುಚ್ಚಳ ಮುಟ್ಟಬೇಡ, ಕರೆಂಟು ಹೊಡೆಯುತ್ತೆ ಎಂದು ಹೇಳಿ ಕಳಿಸಿದ್ದಳು. ಮುಟ್ಟಬೇಡ ಎಂದರೆ ಮುಟ್ಟದೆ ಬಿಡುವ ಜನ್ಮ ನನ್ನದಲ್ಲ. ಒಣ ಬಿದಿರಿನ ಕೋಲಿನಿಂದ ಮುಚ್ಚಳ ಸರಿಸಿದೆ. ತೊಟ್ಟಿ ಒಣಗಿತ್ತು. ತಗಡುಗಳ ನಡುವೆ ಜೇಡ ಬಲೆ ಕಟ್ಟಿ ಮೊಟ್ಟೆಯನ್ನೂ ಇಟ್ಟಿತ್ತು. ಬಾವಿಯ ಪೈಪನ್ನು ನೇರ ನಲ್ಲಿಗೆ ಜೋಡಿಸಿದ್ದರು. ನಮ್ಮ ಬಾವಿಯಲ್ಲಿ ಕಬ್ಬಿಣ ಕಡಿಮೆ, ವಿಷ ಹೆಚ್ಚು. ಸೀಬೆ ಎಲೆಗೆ ನೀರು ಕಪ್ಪಾಗದೆ ಇದ್ದದ್ದಕ್ಕೆ ಕಾರಣ ಅಷ್ಟೇ.

ಗೋಡೆಯ ಗೂಡಿನಲ್ಲಿ ವಿಷದ ಪರೀಕ್ಷೆಯ ಡಬ್ಬಿ ಇತ್ತು. ಸೊಯಿ ಮಾಡುವುದನ್ನು ನೂರು ಸಲ ನೋಡಿದ್ದೆ: ಸೀಸೆಗೆ ನೀರು, ಪುಡಿ, ಬಾಯಿಗೆ ಬಿಳಿ ಕಾಗದ. ಇಪ್ಪತ್ತು ನಿಮಿಷಕ್ಕೆ ಕಾಗದ ಕಂದು ಬಣ್ಣಕ್ಕೆ ತಿರುಗಿತು, ಕಂದು ಎಂದರೆ ವಿಷ. ಐದು ತಿಂಗಳಿಂದ ನನ್ನ ಮಗಳು ಕುಡಿಯುತ್ತಿದ್ದುದು ಇದನ್ನೇ. ಸಾಲಿನಲ್ಲಿದ್ದವರಿಗೆ ಇಂದು ನೀರಿಲ್ಲ ಎಂದು ಬೀಗ ಹಾಕಿ ಸೊಯಿಯ ಮನೆಗೆ ಓಡಿದೆ.

ಅವಳು ಕಂಬಳಿ ಹೊದ್ದು ಕೂತಿದ್ದಳು. ಪಕ್ಕದಲ್ಲಿ ಎರಡು ಕ್ಯಾನು ನೀರು. ನಾನು ಕಾಗದ ಅವಳ ಮಡಿಲಿಗೆ ಎಸೆದೆ. ಒಮ್ಮೆ ನೋಡಿದಳು, ಸುಳ್ಳು ಹೇಳಲು ಹೋಗಲಿಲ್ಲ.

‘ಲೋಟ ಎತ್ತಿ ತೋರಿಸಿದ್ದು ಯಾರೇ? ಯಾರೂ ಬರದಿದ್ರೆ ಯಂತ್ರ ಕಿತ್ಕೊಂಡು ಹೋಗ್ತೀವಿ ಅಂದ್ರು ಅದನ್ನ ಹಾಕಿಸಿದ ಆಫೀಸಿನವ್ರು. ನಿಮಗೆ ಬೇಕಾಗಿದ್ದು ತಿಳಿ ನೀರು ತಾನೆ, ಅದನ್ನೇ ಕೊಟ್ಟೆ.’

‘ಊರಿಗೆ ಬೇಡ, ನನಗೊಬ್ಬಳಿಗೆ ಹೇಳ್ಬೋದಿತ್ತಲ್ಲೇ.’

‘ನಿನ್ನ ಬಾಯಲ್ಲಿ ಏನು ನಿಲ್ಲುತ್ತೆ ಸೊಯಿ?’

ಆ ಕ್ಯಾನಿನ ನೀರು ಎಲ್ಲಿಯದು ಎಂದು ಕೇಳಿದೆ. ದೂರದ ಸಾಹಾಪಾಡಾದಲ್ಲಿ ವಿಷವಿಲ್ಲವೆಂದು ಹಸಿರು ಬಳಿದ ಬಾವಿಯದಂತೆ, ಗಂಡ ದಿನವೂ ಸೈಕಲ್ಲಿನಲ್ಲಿ ತರುತ್ತಾನಂತೆ. ತನ್ನ ಮನೆಗೆ ಒಳ್ಳೆಯದು, ನಮಗೆ ವಿಷ. ಅವಳ ಜುಟ್ಟು ಹಿಡಿಯಲು ಕೈ ಎತ್ತಿದ್ದೆ. ಅಷ್ಟರಲ್ಲಿ ಅವಳೆಂದಳು:

‘ಶಿರಿನಾ ಒಂದು ಹನಿನೂ ಆ ನೀರು ಮುಟ್ಟಿಲ್ಲ. ಮೊದಲ ದಿನದಿಂದ್ಲೇ ಇಲ್ಲಿಗೆ ಬಂದು ಕುಡಿದು, ಬಾಟ್ಲಿ ತುಂಬ್ಕೊಂಡು ಹೋಗ್ತಾಳೆ. ಬೇಕಾದ್ರೆ ಅವಳನ್ನೇ ಕೇಳು.’

ಎತ್ತಿದ ಕೈ ತಾನಾಗಿ ಇಳಿಯಿತು. ದಾರಿಯುದ್ದಕ್ಕೂ ಅಲ್ಲಾಹನಿಗೆ ಶುಕ್ರ್ ಹೇಳುತ್ತ ಬಂದೆ. ಹೊಟ್ಟೆಯಲ್ಲಿರುವ ಮಗು ಬಚಾವಾಯಿತು. ಮನೆಯ ಬೇಲಿ ಕಂಡಾಗ ಮಾತ್ರ ಇನ್ನೊಂದು ಯೋಚನೆ ತಲೆಗೆ ಬಂತು.

ಶಿರಿನಾ ಅಂಗಳದಲ್ಲಿ ಬೇಳೆ ಆರಿಸುತ್ತಿದ್ದಳು. ಕೇಳಿದ ಕೂಡಲೇ ಒಪ್ಪಿಕೊಂಡಳು. ಯಾರಿಗೂ, ನನಗೂ ಹೇಳಕೂಡದೆಂದು ಅವಳ ಸೊಯಿಮಾ ಹೊಟ್ಟೆಯ ಮೇಲೆ ಕೈ ಇಡಿಸಿ ಆಣೆ ಹಾಕಿಸಿದ್ದಳಂತೆ.

ಯಂತ್ರ ಬರುವ ಮೊದಲು ವರ್ಷಗಟ್ಟಲೆ ಕುಡಿದ ವಿಷದ ನೀರಿನಿಂದ ನನ್ನ ಅಂಗೈಗಳಲ್ಲಿ ಗಂಟುಗಳೆದ್ದಿವೆ, ಅಕ್ಕಿಕಾಳಿನಂತೆ ಗಟ್ಟಿ. ಪ್ರತಿ ಸಂಜೆ ಅವುಗಳಿಗೆ ಮುಲಾಮು ತಿಕ್ಕುತ್ತಿದ್ದವಳು ಇವಳೇ. ತಿಕ್ಕಿ ಮುಗಿದ ಮೇಲೆ ನನಗೆ ಕುಡಿಯಲು ನೀರು ತಂದುಕೊಡುತ್ತಿದ್ದವಳೂ ಇವಳೇ.

‘ಮತ್ತೆ ನಾನು?’ ಎಂದೆ.

ಅವಳು ಬೇಳೆಯ ಮೊರದಿಂದ ತಲೆ ಎತ್ತಲಿಲ್ಲ.

‘ನೀನು ಹೆಂಗೂ ಮೊದಲಿಂದ ಕುಡಿದವಳಲ್ವಾ, ಮಾ.’